ತೂಕದ ಸಾಲಿನಲ್ಲಿ ಯೋಗ: ಸಿದ್ದಾಪುರ ಕಡೆಯ ಒಂದು ಲೈನ್ ಮನೆಯ ಪ್ರಕರಣ

ತೋಟದ ಕೂಲಿಯವರಿಗೆ, ಹಾಡಿಯವರಿಗೆ (ಹಾಡಿ ಅಂದರೆ ಬುಡಕಟ್ಟು ಜನರ ಕೇರಿ) ಉಚಿತವಾಗಿ ಯೋಗ ಹೇಳಿಕೊಡಬೇಕು ಅಂತ ಆಸೆ ಇಟ್ಟುಕೊಂಡವರು ನನಗೆ ಆಗಾಗ ಸಿಗುತ್ತಾರೆ. ಎಲ್ಲಿಂದ ಶುರು ಮಾಡಲಿ, ಯಾವ ಆಸನ ಹೇಳಿಕೊಡಲಿ, ಎಷ್ಟು ಮ್ಯಾಟ್ ಬೇಕಾಗಬಹುದು ಅಂತ ಕೇಳುತ್ತಾರೆ. ಅವರಿಗೆಲ್ಲ ನಾನು ಈ ಒಂದು ತರಗತಿಯ ವಿಷಯವನ್ನೇ ಹೇಳುತ್ತೇನೆ. ಅಲ್ಲಿ ನಡೆದದ್ದನ್ನು ಹತ್ತಿರದಿಂದ ನೋಡಿದ್ದೇನೆ. ಕೊಡಗಿನಲ್ಲಿ ಈ ಕೆಲಸಕ್ಕೆ ಇಳಿಯುವವರಿಗೆ ಅದರಿಂದ ಉಪಯೋಗ ಇದೆ ಅಂತ ನನ್ನ ನಂಬಿಕೆ.

ಸಿದ್ದಾಪುರ ಮತ್ತು ಮಾಲ್ದಾರೆ ನಡುವಿನ ಒಂದು ರೊಬಸ್ಟಾ ಕಾಫಿ ತೋಟ ಅದು. ತರಗತಿ ನಡೆಸಿದವರು ಗೋಣಿಕೊಪ್ಪ ಕಡೆಯ ಯೋಗ ಶಿಕ್ಷಕಿ. ಅವರ ಹೆಸರಾಗಲಿ ತೋಟದ ಹೆಸರಾಗಲಿ ಇಲ್ಲಿ ಬೇಡ. ಹೆಂಗಸರು ಅವರನ್ನು ಟೀಚರ್ ಅಂತ ಕರೆಯುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ನಾನು ಜೊತೆಗೆ ಹೋಗುತ್ತಿದ್ದೆ. ಹಾಜರಿ ಬರೆಯುವುದು, ಮಕ್ಕಳನ್ನು ನೋಡಿಕೊಳ್ಳುವುದು, ಬಂದವರನ್ನು ಮಾತಾಡಿಸುವುದು ನನ್ನ ಕೆಲಸ.

ಲೈನ್ ಮನೆ ಅಂದರೆ ಕೊಡಗಿನವರಿಗೆ ವಿವರಿಸಬೇಕಿಲ್ಲ. ಹೊರಗಿನವರಿಗಾಗಿ ಹೇಳುವುದಾದರೆ, ಉದ್ದಕ್ಕೆ ಒಂದೇ ಸೂರಿನ ಕೆಳಗೆ ಸಾಲಾಗಿ ಕಟ್ಟಿದ ಕೂಲಿಯವರ ಮನೆಗಳು. ಒಂದು ಕೋಣೆ, ಅಡುಗೆಗೆ ಒಂದಿಷ್ಟು ಜಾಗ, ಮುಂದೆ ಜಗಲಿ. ಈ ತೋಟದ ಲೈನಿನಲ್ಲಿ ಹೆಚ್ಚಿನವರು ಎರವರು, ಇಲ್ಲಿನ ಬುಡಕಟ್ಟು ಜನ. ಪಿರಿಯಾಪಟ್ಟಣ, ಹುಣಸೂರು ಕಡೆಯಿಂದ ಬಂದು ನೆಲೆಸಿದ ಮನೆಗಳೂ ಇವೆ. ಒಂದೆರಡು ಮುಸ್ಲಿಂ ಕುಟುಂಬ, ಕೊನೆಯ ಮನೆಗಳಲ್ಲಿ ಈಚೆಗೆ ಅಸ್ಸಾಂನಿಂದ ಬಂದವರು. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಕೊಡಗಿನದು. ಅದನ್ನು ಕೊಯ್ಯುವ ಕೈಗಳು ಇಂಥ ಲೈನುಗಳಲ್ಲಿ ಇವೆ.

ಶುರುವಾದದ್ದು ಯೋಗ ದಿನದ ನೆಪದಲ್ಲಿ. ವಿಶ್ವಸಂಸ್ಥೆ 2014ರ ಡಿಸೆಂಬರ್ 11ರಂದು ನಿರ್ಣಯ ಮಾಡಿತು, 2015ರಿಂದ ಪ್ರತಿ ಜೂನ್ 21ಕ್ಕೆ ಎಲ್ಲ ಕಡೆ ಆಚರಣೆ ನಡೆಯುತ್ತಿದೆ. ಉತ್ತರಾರ್ಧ ಗೋಳದಲ್ಲಿ ಅದು ವರ್ಷದ ಅತಿ ದೊಡ್ಡ ಹಗಲು. ಕೊಡಗಿನಲ್ಲಿ ಅದು ಮುಂಗಾರು ಹಿಡಿದು ಕೂತ ಹೊತ್ತು. ಬಯಲಿನಲ್ಲಿ ಮ್ಯಾಟ್ ಹಾಸುವ ಮಾತೇ ಇಲ್ಲ. ಹತ್ತಿರದ ಶಾಲೆಯ ಕೋಣೆಯಲ್ಲಿ ಕಾರ್ಯಕ್ರಮ ಆಯಿತು. ತೋಟದ ಹೆಂಗಸರೂ ಬಂದಿದ್ದರು. ಇದನ್ನು ಒಂದೇ ದಿನಕ್ಕೆ ಬಿಡಬಾರದು ಅಂತ ಟೀಚರಿಗೆ ಅನ್ನಿಸಿತು. ಮಾಲೀಕರು ಒಪ್ಪಿ ಗೊಬ್ಬರ ಇಡುವ ಗೋದಾಮಿನ ಅರ್ಧ ಭಾಗ ಖಾಲಿ ಮಾಡಿಸಿಕೊಟ್ಟರು. ವಾರಕ್ಕೆ ಮೂರು ಸಂಜೆ, ಆಯುಷ್ ಸಚಿವಾಲಯದ ನಲವತ್ತೈದು ನಿಮಿಷದ ಸಾಮಾನ್ಯ ಯೋಗ ಕ್ರಮ. ಮೊದಲ ವಾರ ಗೋದಾಮು ತುಂಬಿತ್ತು. ಆಮೇಲೆ ಒಬ್ಬೊಬ್ಬರೇ ಕಡಿಮೆಯಾಗುತ್ತ ಬಂದರು. ಕೊನೆಗೆ ಬಂದವರು ಬೆರಳೆಣಿಕೆಯಷ್ಟು, ಅದರಲ್ಲೂ ಅರ್ಧ ಮಕ್ಕಳು.

ಬಾರದವರ ಬಗ್ಗೆ "ಅವರಿಗೆ ಆಸಕ್ತಿ ಇಲ್ಲ" ಅಂತ ಹೇಳಿ ಮುಗಿಸುವುದು ತುಂಬಾ ಸುಲಭ. ಬೇರೆ ಕಡೆ ನಿಂತುಹೋದ ಎಷ್ಟೋ ತರಗತಿಗಳ ಬಗ್ಗೆ ಇದೇ ಮಾತು ಕೇಳಿದ್ದೇನೆ. ಟೀಚರ್ ಹಾಗೆ ಅನ್ನಲಿಲ್ಲ. ಜಗಲಿ ಜಗಲಿಗೆ ಹೋಗಿ ಕೂತು ಕೇಳಿದರು. ಒಬ್ಬ ಹಿರಿಯ ಎರವ ಹೆಂಗಸು, ಎಲ್ಲರೂ ಅವ್ವ ಅಂತ ಕರೆಯುವವರು, ನೇರವಾಗಿ ಹೇಳಿದರು: "ಬೆಳಿಗ್ಗೆಯಿಂದ ಬಗ್ಗಿ ಬಗ್ಗಿ ಕಳೆ ತೆಗ್ದಿದ್ದೀವಿ ಟೀಚರ್. ಸಂಜೆ ಇಲ್ಲಿಗೆ ಬಂದು ಮತ್ತೆ ಬಗ್ಗೋದಾ?"

ಇಡೀ ಪ್ರಕರಣ ತಿರುಗಿದ್ದು ಆ ಮಾತಿನಿಂದ. ನಾವು ಪಟ್ಟಣದಲ್ಲಿ ಕಲಿಯುವ ಕ್ರಮ ಹೆಚ್ಚಾಗಿ ಕುರ್ಚಿಯಲ್ಲಿ ಕೂತು ಬಿಗಿದುಕೊಂಡ ಮೈಗೆ ಹೊಂದುತ್ತದೆ. ಕೂತವರನ್ನು ಎಬ್ಬಿಸಬೇಕು, ಬಗ್ಗಿಸಬೇಕು, ಬೆವರು ಬರಿಸಬೇಕು. ತೋಟದ ಹೆಂಗಸಿಗೆ ಬಗ್ಗುವುದು, ಕುಕ್ಕರಗಾಲಲ್ಲಿ ಕೂರುವುದು, ಬೆವರುವುದು ಯಾವುದೂ ಹೊಸತಲ್ಲ. ಅವಳ ಮೈಗೆ ಬೇಕಾದದ್ದು ಬೇರೆ.

ತೋಟದಲ್ಲಿ ನೋಡಿದ್ದು

ಏನು ಬೇಕು ಅಂತ ತಿಳಿಯಲು ಟೀಚರ್ ಕೆಲಸದ ಹೊತ್ತಿನಲ್ಲೇ ತೋಟಕ್ಕೆ ಹೋದರು. ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರ ಹತ್ತಿರ ಮೊದಲೇ ಹೇಳಿ, ಕಾಲಿಗೆ ಜಿಗಣೆ ಹತ್ತದ ಹಾಗೆ ಉಪ್ಪು ಸವರಿಕೊಂಡು, ಹೆಂಗಸರ ಜೊತೆ ಸುಮ್ನೆ ಓಡಾಡಿದರು. ಈ ಕೆಲಸಕ್ಕೆ ಹೊರಡುವ ಎಲ್ಲರೂ ಮೊದಲು ಮಾಡಬೇಕಾದದ್ದು ಇದು ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ತೋಟದ ಕೆಲಸ ವರ್ಷವಿಡೀ ಒಂದೇ ಥರ ಇರುವುದಿಲ್ಲ, ನೋವೂ ಅಷ್ಟೇ. ಮಳೆಗಾಲದಲ್ಲಿ ಕಳೆ, ಚಿಗುರು ತೆಗೆಯುವುದು, ಗೊಬ್ಬರ. ಆಗ ಸೊಂಟ ಮತ್ತು ಮೊಣಕಾಲು. ಇಳಿಜಾರಿನಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ನಿಲ್ಲುವುದರಿಂದ ಕೆಳಗಿನ ಕಾಲಿನ ಮೊಣಕಾಲು ಜಾಸ್ತಿ ನೋಯುತ್ತದೆ. ನವೆಂಬರ್ ನಂತರ ಅರೇಬಿಕಾ, ಹೊಸ ವರ್ಷದ ಹೊತ್ತಿಗೆ ರೊಬಸ್ಟಾ ಕೊಯ್ಲು. ಮಾರ್ಚ್‌ವರೆಗೂ ಎಳೆಯುತ್ತದೆ. ರೊಬಸ್ಟಾ ಗಿಡ ಎತ್ತರ. ಎಡಗೈಯಲ್ಲಿ ಕೊಂಬೆ ಬಗ್ಗಿಸಿ ಹಿಡಿದು ಬಲಗೈಯಲ್ಲಿ ಹಣ್ಣು ಉದುರಿಸಬೇಕು. ಕತ್ತು ಮೇಲಕ್ಕೆ ಎತ್ತಿಯೇ ಇರುತ್ತದೆ. ಸೊಂಟಕ್ಕೆ ಕಟ್ಟಿದ ಚೀಲ ತುಂಬುತ್ತ ಹೋದ ಹಾಗೆ ಮೈ ಒಂದು ಕಡೆಗೆ ವಾಲುತ್ತದೆ. ಸಂಜೆ ತುಂಬಿದ ಮೂಟೆಯನ್ನು ತಲೆ ಮೇಲೆ ಹೊತ್ತು ತೂಕದ ಜಾಗಕ್ಕೆ ತರಬೇಕು. ಹಣ್ಣಿಗೆ ಕೆ.ಜಿ. ಲೆಕ್ಕದಲ್ಲಿ ಕೂಲಿ.

ಟೀಚರ್ ಒಬ್ಬೊಬ್ಬರಿಗೂ "ಎಲ್ಲಿ ನೋವು" ಅಂತ ಕೇಳುವ ಬದಲು "ಹೇಗೆ ಕೊಯ್ಯುತ್ತೀರಿ, ತೋರಿಸಿ" ಅಂದರು. ಬಾಯಲ್ಲಿ "ಏನೂ ಇಲ್ಲ ಟೀಚರ್" ಅಂದವರೇ ಕೈ ಎತ್ತಿ ತೋರಿಸುವಾಗ ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಆ ಕೈಯಲ್ಲೇ ಅವರು ಕೊಯ್ಲು ಮುಗಿಸಿದ್ದರು.

ಅಲ್ಲಿಂದ ಪಟ್ಟಿ ಬದಲಾಯಿತು. ಮುಂದೆ ಬಗ್ಗುವ ಆಸನಗಳನ್ನೆಲ್ಲ ಟೀಚರ್ ಬಿಟ್ಟರು. ಸೂರ್ಯ ನಮಸ್ಕಾರ ಬಿಟ್ಟರು. ರಭಸದಿಂದ ಉಸಿರು ಹೊರಹಾಕುವ ಕಪಾಲಭಾತಿಯನ್ನೂ ಉಸಿರು ಬಿಗಿಹಿಡಿಯುವುದನ್ನೂ ಬಿಟ್ಟರು. ರಕ್ತಹೀನತೆ ಇರುವವರು, ಬಿ.ಪಿ. ಎಷ್ಟಿದೆ ಅಂತ ಯಾವತ್ತೂ ನೋಡಿಸದವರು ಇದ್ದ ಗುಂಪಿನಲ್ಲಿ ಅದು ಸರಿಯಾದ ತೀರ್ಮಾನ. ಉಳಿಸಿಕೊಂಡದ್ದು ಕೆಲವೇ. ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಲ್ಲುವ ತಾಡಾಸನ. ಗೋಡೆಯ ಮೇಲೆ ಅಂಗೈ ಇಟ್ಟು ನಿಧಾನಕ್ಕೆ ಮೇಲಕ್ಕೆ ಸರಿಸುತ್ತ ಭುಜ ಬಿಡಿಸುವುದು. ಬೆಕ್ಕಿನ ಹಾಗೆ ಮಂಡಿ, ಅಂಗೈ ಊರಿ ಬೆನ್ನು ಏರಿಸಿ ಇಳಿಸುವ ಮಾರ್ಜಾಲಾಸನ. ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧ. ಬೋರಲಾಗಿ ಮಲಗಿ ಮೈ ಸಡಿಲ ಬಿಡುವ ಮಕರಾಸನ. ಕೊನೆಗೆ ಗೋಡೆಗೆ ಕಾಲು ಒರಗಿಸಿ ಮಲಗುವುದು. ಇದು ಎಲ್ಲರಿಗೂ ಇಷ್ಟವಾದದ್ದು. ದಿನವಿಡೀ ಗಮ್ ಬೂಟಿನೊಳಗೆ ಒದ್ದೆಯಾಗಿ ಊದಿಕೊಂಡ ಕಾಲು ಐದು ನಿಮಿಷ ಮೇಲೆ ಇದ್ದರೆ ಸಾಕು, ಮುಖ ಬದಲಾಗುತ್ತಿತ್ತು. ತಲೆ ಸುತ್ತುವವರಿಗೆ ಮಾತ್ರ ಕಾಲನ್ನು ಮೂಟೆಯ ಮೇಲೆ ಇಟ್ಟುಕೊಳ್ಳಲು ಹೇಳುತ್ತಿದ್ದರು.

ಗೋಡೆ, ಹಗ್ಗ, ಮೂಟೆ ಬಳಸಿದರೆ ಯೋಗ ಕಲಬೆರಕೆ ಆಯಿತು ಅನ್ನುವವರಿದ್ದಾರೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ತುಂಬಾ ರೋಗಿಷ್ಠರಾಗಿದ್ದವರು. ಹಗ್ಗ, ಪಟ್ಟಿ, ಮರದ ಇಟ್ಟಿಗೆ, ಕುರ್ಚಿ ಎಲ್ಲವನ್ನೂ ಆಸನಕ್ಕೆ ತಂದು ಅಶಕ್ತರಿಗೂ ದಾರಿ ಮಾಡಿಕೊಟ್ಟವರು ಅವರೇ. ನಮ್ಮ ಗೋದಾಮಿನ ಮೂಟೆಗೆ ಅಷ್ಟು ಆಧಾರ ಸಾಕು.

ಬಟ್ಟೆ, ನೆಲ, ಹೊತ್ತು

ಆಸನಕ್ಕಿಂತ ಈ ಮೂರಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಯಿತು.

ಹೆಂಗಸರು ಕೆಲಸಕ್ಕೆ ಹೋಗುವುದು ಸೀರೆ ಅಥವಾ ನೈಟಿ ಮೇಲೆ ಗಂಡನ ಹಳೆಯ ಫುಲ್ ತೋಳಿನ ಶರ್ಟ್ ಹಾಕಿ. ನೈಟಿಯಲ್ಲಿ ಅಂಗಾತ ಮಲಗಿ ಮಂಡಿ ಮಡಚಿ ಅಂದರೆ ಯಾರು ಮಾಡುತ್ತಾರೆ? ಬಾಗಿಲ ಹತ್ತಿರ ಗಂಡಸರು, ಹುಡುಗರು ನಿಂತು ನೋಡುತ್ತಿದ್ದರು. ಮೊದಲ ತಿಂಗಳು ಎಷ್ಟೋ ಜನ ಬಾರದೆ ಇದ್ದದ್ದಕ್ಕೆ ಇದೇ ಕಾರಣ, ಆದರೆ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಲೈನಿನಲ್ಲಿ ಹೊಲಿಗೆ ಗೊತ್ತಿದ್ದ ಹುಡುಗಿಯೊಬ್ಬಳು ಹಳೆ ಸೀರೆಗಳಿಂದ ದೊಗಳೆ ಪ್ಯಾಂಟು ಹೊಲಿದುಕೊಟ್ಟಳು. ನೈಟಿಯ ಒಳಗೆ ಅದನ್ನು ಹಾಕಿಕೊಂಡು ಬಂದರು. ಬಾಗಿಲು ಮುಚ್ಚಿ ಅಗಳಿ ಹಾಕಿದೆವು. ಮಾರನೇ ವಾರದಿಂದಲೇ ಸಂಖ್ಯೆ ಏರಿತು. ಯೋಗ ಕಲಿಸಲು ಹೋಗುವವರು ಮ್ಯಾಟಿಗೆ ದಾನಿಗಳನ್ನು ಹುಡುಕುತ್ತಾರೆ. ನಾನಾದರೆ ಮೊದಲು ಪ್ಯಾಂಟಿನ ಬಟ್ಟೆಗೆ ಹುಡುಕುತ್ತೇನೆ.

ನೆಲದ ಕತೆ ಇನ್ನೊಂದು. ಕೊಡಗಿನಲ್ಲಿ ಸಮತಟ್ಟಾದ ಜಾಗ ಸಿಗುವುದೇ ಕಷ್ಟ. ಇರುವ ಒಂದು ಸಮತಟ್ಟು ಕಾಫಿ ಒಣಗಿಸುವ ಕಣ. ಕೊಯ್ಲಿನಲ್ಲಿ ಅದರ ತುಂಬ ಹಣ್ಣು ಹರಡಿರುತ್ತದೆ, ಮಳೆಯಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಗೋದಾಮಿನ ಸಿಮೆಂಟು ನೆಲ ಜುಲೈನಲ್ಲಿ ಮೂಳೆ ಕೊರೆಯುವಷ್ಟು ತಣ್ಣಗಿರುತ್ತದೆ. ಗೊಬ್ಬರದ ಪ್ಲಾಸ್ಟಿಕ್ ಚೀಲ ತೊಳೆದು ಕೆಳಗೆ ಹಾಸಿ, ಮೇಲೆ ಎರಡು ಗೋಣಿ ಸೇರಿಸಿ ಹೊಲಿದದ್ದನ್ನು ಹಾಕಿದೆವು. ತೇವ ಏರಲಿಲ್ಲ, ಜಾರಲೂ ಇಲ್ಲ.

ಹೊತ್ತಿನ ವಿಷಯದಲ್ಲಿ ಆನೆಯ ಮಾತಿಗೆ ಎದುರಿಲ್ಲ. ಮಾಲ್ದಾರೆ ಕಡೆ ತೋಟದೊಳಗೇ ಆನೆಗಳು ಇರುತ್ತವೆ. ಮುಸ್ಸಂಜೆ ಮತ್ತು ಬೆಳಗಿನ ಜಾವ ದಾರಿಯಲ್ಲಿ ನಡೆಯುವುದೇ ಅಪಾಯ. ಯೋಗಕ್ಕೆ ಬ್ರಾಹ್ಮೀ ಮುಹೂರ್ತ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಇಲ್ಲಿ ಆ ಹೊತ್ತಿನಲ್ಲಿ ಹೆಂಗಸರನ್ನು ಮನೆಯಿಂದ ಹೊರಗೆ ಕರೆಯುವುದು ತಪ್ಪು. ಕೆಲಸ ಬಿಟ್ಟ ಕೂಡಲೇ, ಬೆಳಕಿರುವಾಗಲೇ, ಇಪ್ಪತ್ತೈದು ನಿಮಿಷ ಅಂತ ನಿಗದಿಯಾಯಿತು. ಆನೆ ಬಂದಿದೆ ಅಂತ ಸುದ್ದಿ ಬಂದ ದಿನ ತರಗತಿ ಇಲ್ಲ. ಇದಕ್ಕೆ ಚರ್ಚೆಯೇ ಇಟ್ಟುಕೊಳ್ಳಲಿಲ್ಲ.

ಇನ್ನೊಂದು ಸಣ್ಣ ವಿಷಯ. ಖಾಲಿ ಹೊಟ್ಟೆಯಲ್ಲಿ ಯೋಗ ಮಾಡಬೇಕು ಅನ್ನುವ ನಿಯಮ ಹೊಟ್ಟೆ ತುಂಬಾ ಊಟ ಮಾಡುವವರಿಗೆ ಹೇಳಿದ್ದು. ಮಧ್ಯಾಹ್ನ ಬುತ್ತಿಯಲ್ಲಿ ಒಂದಿಷ್ಟು ಅನ್ನ ತಿಂದು ಸಂಜೆವರೆಗೆ ಕಳೆ ತೆಗೆದವಳಿಗೆ ಖಾಲಿ ಹೊಟ್ಟೆ ಅಂದರೆ ತಲೆ ತಿರುಗುವುದು. ಬಂದ ತಕ್ಷಣ ಬೆಲ್ಲದ ಕಾಫಿ, ಒಂದು ಬಾಳೆಹಣ್ಣು ಕೊಟ್ಟು, ಸ್ವಲ್ಪ ಹೊತ್ತು ಮಾತಾಡುತ್ತ ಕೂತು ಆಮೇಲೆ ಶುರು ಮಾಡುತ್ತಿದ್ದರು.

ಪ್ರಾರ್ಥನೆಯ ಪ್ರಶ್ನೆಯೂ ಬಂತು. ಸಾಮಾನ್ಯ ಯೋಗ ಕ್ರಮ ಶುರುವಾಗುವುದು ವೇದದ ಪ್ರಾರ್ಥನೆಯಿಂದ. ಮುಸ್ಲಿಂ ಹೆಂಗಸರು ಆ ಹೊತ್ತಿಗೆ ಹಿಂದೆ ಸರಿದು ನಿಲ್ಲುತ್ತಿದ್ದರು. ಟೀಚರ್ ಸ್ವತಃ ದಿನಾ ಪ್ರಾರ್ಥನೆ ಹೇಳುವವರು. ಆದರೂ ತರಗತಿಯಲ್ಲಿ ಕಣ್ಣು ಮುಚ್ಚಿ ಉಸಿರು ನೋಡುವುದರಿಂದ ಶುರು ಮಾಡಿ, ದುಂಬಿಯ ಹಾಗೆ ಗುಂಯ್‌ಗುಡುತ್ತ ಉಸಿರು ಬಿಡುವ ಭ್ರಾಮರಿಯಿಂದ ಮುಗಿಸಿದರು. ನನಗೆ ಅದರಲ್ಲಿ ಅವರ ದೊಡ್ಡತನ ಕಂಡಿತು.

ಕೀಲು ನೋವಿನ ಹುಡುಗಿ

ಈ ಪ್ರಕರಣವನ್ನು ಬರೆಯಲೇಬೇಕು ಅಂತ ನನಗೆ ಅನ್ನಿಸಿದ್ದು ಇದಕ್ಕಾಗಿ.

ಎರವರ ಮನೆಯ ಒಬ್ಬ ಹುಡುಗಿ, ಇಪ್ಪತ್ತರ ಆಸುಪಾಸು. ಮಳೆ ಚಳಿ ಜೋರಾದಾಗಲೆಲ್ಲ ಅವಳಿಗೆ ಕೈ ಕಾಲಿನ ಕೀಲು, ಬೆನ್ನು ವಿಪರೀತ ನೋವು. ಎರಡು ಮೂರು ದಿನ ಮಲಗಿಬಿಡುತ್ತಿದ್ದಳು. ಕಣ್ಣು ಸ್ವಲ್ಪ ಹಳದಿ. ಮನೆಯವರು ಎಣ್ಣೆ ಹಚ್ಚಿ ಕಾಯಿಸುತ್ತಿದ್ದರು, ಸೋಮಾರಿ ಅಂತ ಬೈಯುತ್ತಲೂ ಇದ್ದರು. "ಟೀಚರ್, ಇವಳಿಗೆ ಯೋಗದಲ್ಲಿ ಏನಾದ್ರೂ ಮಾಡಿ" ಅಂತ ಅವಳ ತಾಯಿ ಕೈ ಹಿಡಿದು ಕೇಳಿದರು.

ಕೀಲು ನೋವಿಗೆ ಅಂತ ನಾಲ್ಕು ಆಸನ ಹೇಳಿಕೊಡಬಹುದಿತ್ತು. ಟೀಚರ್ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದರು. ಕುಡಗೋಲು ಕಣ ರೋಗ, ಎಲ್ಲರೂ ಸಿಕಲ್ ಸೆಲ್ ಅನ್ನುತ್ತಾರಲ್ಲ, ಅದು ಕೊಡಗು, ಮೈಸೂರು, ಚಾಮರಾಜನಗರ ಕಡೆಯ ಬುಡಕಟ್ಟು ಜನರಲ್ಲಿ ಇದೆ. ತಂದೆ ತಾಯಿಯಿಂದ ಬರುವ ಕಾಯಿಲೆ. ಕೆಂಪು ರಕ್ತಕಣ ದುಂಡಗಿರುವ ಬದಲು ಕುಡುಗೋಲಿನ ಆಕಾರಕ್ಕೆ ತಿರುಗಿ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಂಡು, ತಡೆಯಲಾಗದ ನೋವು ಕೊಡುತ್ತದೆ. ಕಣಗಳು ಬೇಗ ಒಡೆಯುವುದರಿಂದ ರಕ್ತಹೀನತೆ, ಕಣ್ಣು ಹಳದಿ. ಚಳಿ, ನೀರು ಕಡಿಮೆ ಕುಡಿಯುವುದು, ಮಿತಿ ಮೀರಿದ ದಣಿವು, ಸೋಂಕು ಇವೆಲ್ಲ ನೋವನ್ನು ಕೆರಳಿಸುತ್ತವೆ. ತಣ್ಣಗಿನ ಸಿಮೆಂಟು ನೆಲದ ಮೇಲೆ, ಕೆಲಸ ಮುಗಿಸಿ ನೀರೂ ಕುಡಿಯದೆ ಬಂದವಳಿಗೆ, ಜೋರಾದ ಆಸನ ಮಾಡಿಸಿ ಉಸಿರು ಬಿಗಿಹಿಡಿಸಿದ್ದರೆ ಏನಾಗುತ್ತಿತ್ತು ಯೋಚಿಸಿ.

ದೇಶದಾದ್ಯಂತ ಇದಕ್ಕೆ ತಪಾಸಣೆ ನಡೆಸುವ ರಾಷ್ಟ್ರೀಯ ಅಭಿಯಾನ ಶುರುವಾದದ್ದು 2023ರ ಜುಲೈ 1ರಂದು, ಮಧ್ಯಪ್ರದೇಶದ ಶಾಹ್‌ಡೋಲ್‌ನಲ್ಲಿ. 2047ರೊಳಗೆ ರೋಗವನ್ನು ನಿವಾರಿಸುವ ಗುರಿ ಇದೆ. ಪರೀಕ್ಷೆ ಮಾಡಿಸಿಕೊಂಡವರಿಗೆ ಕಾರ್ಡ್ ಕೊಡುತ್ತಾರೆ. ಈ ಹುಡುಗಿ ತಪಾಸಣೆ ನಡೆದ ದಿನ ಕೂಲಿ ಹೋಗುತ್ತದೆ ಅಂತ ಹೋಗಿರಲಿಲ್ಲ. ಆಶಾ ಕಾರ್ಯಕರ್ತೆ ಅವಳನ್ನು ಕರೆದುಕೊಂಡು ಹೋದರು. ರಕ್ತ ಪರೀಕ್ಷೆಯಲ್ಲಿ ರೋಗ ಇದೆ ಅಂತ ಗೊತ್ತಾಯಿತು. ಈಗ ಹೈಡ್ರಾಕ್ಸಿಯೂರಿಯಾ, ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ನೋವು ಪೂರ್ತಿ ಹೋಗಿಲ್ಲ, ಮಲಗುವ ದಿನ ಕಡಿಮೆಯಾಗಿವೆ ಅಂತ ಅವಳೇ ಹೇಳಿದಳು. ವೈದ್ಯರನ್ನು ಕೇಳಿ ತರಗತಿಗೂ ಬರುತ್ತಾಳೆ. ಎರಡು ಗೋಣಿ ಜಾಸ್ತಿ ಹಾಸಿಕೊಂಡು, ಸ್ವೆಟರ್ ಹಾಕಿ, ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಉಸಿರಾಟ ಮತ್ತು ಶವಾಸನ ಮಾತ್ರ ಮಾಡುತ್ತಾಳೆ. ಮನೆಯಲ್ಲಿ ಸೋಮಾರಿ ಅನ್ನುವ ಮಾತು ನಿಂತಿದೆ. ನನ್ನ ಲೆಕ್ಕದಲ್ಲಿ ಈ ತರಗತಿಯಿಂದ ಆದ ಅತಿ ದೊಡ್ಡ ಉಪಕಾರ ಇದು, ಅದಕ್ಕೆ ಒಂದು ಆಸನವೂ ಬೇಕಾಗಲಿಲ್ಲ.

ಕೊಯ್ಲು ಬಂತು

ಜನವರಿಯಲ್ಲಿ ಗೋದಾಮು ಮತ್ತೆ ಖಾಲಿ. ಈ ಸಲ ಕಾರಣ ಕೇಳುವ ಅಗತ್ಯ ಇರಲಿಲ್ಲ. ಹೆಚ್ಚು ಕೊಯ್ದರೆ ಹೆಚ್ಚು ಕೂಲಿ. ವರ್ಷದ ಸಾಲ ತೀರುವುದು, ಮಕ್ಕಳಿಗೆ ಬಟ್ಟೆ ಬರುವುದು ಈ ಎರಡು ಮೂರು ತಿಂಗಳಲ್ಲೇ. ಯೋಗಕ್ಕೆ ಅಂತ ಅರ್ಧ ಗಂಟೆ ಮೊದಲು ಬನ್ನಿ ಅನ್ನುವ ಹಕ್ಕು ನಮಗೆ ಇಲ್ಲ.

ತರಗತಿ ನಿಲ್ಲಿಸಿ ಏಪ್ರಿಲ್‌ನಲ್ಲಿ ನೋಡೋಣ ಅಂತ ಮಾತಾಯಿತು. ಆದರೆ ಭುಜ, ಕತ್ತು ಹೆಚ್ಚು ನೋಯುವ ಕಾಲವೇ ಇದು. ಆಗ ದಾರಿ ತೋರಿಸಿದವಳು ಮೇಸ್ತ್ರಿಯ ಹೆಂಡತಿ. "ತೂಕಕ್ಕೆ ಸಾಲಲ್ಲಿ ನಿಲ್ತೀವಲ್ಲ ಟೀಚರ್, ಆವಾಗ ಸುಮ್ನೇ ತಾನೇ ಇರ್ತೀವಿ?"

ನಿಜ. ಸಂಜೆ ಮೂಟೆ ಇಳಿಸಿದ ಮೇಲೆ ತಕ್ಕಡಿಯ ಮುಂದೆ ಸರದಿ ಕಾಯಬೇಕು. ರೈಟರ್ ಒಬ್ಬೊಬ್ಬರ ತೂಕ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವವರೆಗೆ ಉಳಿದವರು ನಿಂತಿರುತ್ತಾರೆ. ತರಗತಿ ಅಲ್ಲಿಗೆ ಬಂತು. ಮ್ಯಾಟ್ ಇಲ್ಲ, ಬಟ್ಟೆ ಬದಲಿಸುವುದಿಲ್ಲ. ಸಿಲ್ವರ್ ಓಕ್ ಮರಕ್ಕೆ ಬೆನ್ನು ಒರಗಿಸಿ ನಿಲ್ಲುವುದು. ಗಲ್ಲ ಎದೆಗೆ ತಂದು, ದಿನವಿಡೀ ಮೇಲೆ ನೋಡಿದ ಕತ್ತನ್ನು ಕೆಳಗೆ ಬಿಡುವುದು. ಕೊಂಬೆ ಹಿಡಿದ ಎಡಗೈಯ ಬೆರಳು ಒಂದೊಂದಾಗಿ ಬಿಚ್ಚಿ ಹಿಂದಕ್ಕೆ ಎಳೆಯುವುದು. ಬಲಗೈಯನ್ನು ಮರದ ಮೇಲೆ ಇಟ್ಟು ಮೈಯನ್ನು ಆಚೆ ತಿರುಗಿಸಿ ಭುಜದ ಮುಂಭಾಗ ಬಿಡಿಸುವುದು. ಮೂಟೆಯ ಮೇಲೆ ಕೂತು ಪಾದ ತಿರುಗಿಸುವುದು. ಅಷ್ಟೇ. ಗಂಡಸರೂ ಸೇರಿದರು, ಕಾಳುಮೆಣಸು ಕೊಯ್ಯಲು ಏಣಿ ಹತ್ತಿ ಇಳಿಯುವ ಹುಡುಗರು ಮುಖ್ಯವಾಗಿ. ಗೋದಾಮಿಗೆ ಒಮ್ಮೆಯೂ ಬಾರದ ಅಸ್ಸಾಂನ ಹೆಂಗಸರು ಇಲ್ಲಿ ಬಂದರು. ಭಾಷೆ ಬಾರದಿದ್ದರೂ ನೋಡಿ ಮಾಡಿದರು.

ಇದು ಯೋಗ ಹೌದೋ ಅಲ್ಲವೋ ಅಂತ ಮೈಸೂರಿನ ಶಿಕ್ಷಕರೊಬ್ಬರು ಟೀಚರನ್ನು ಕೇಳಿದರಂತೆ. ಪೂರ್ತಿ ಸಾಧನೆ ಅಲ್ಲ, ಒಪ್ಪುತ್ತೇನೆ. ಆದರೆ ಉಸಿರಿನ ಮೇಲೆ ಗಮನ ಇಟ್ಟು, ತಮ್ಮ ಮೈಯಲ್ಲಿ ಎಲ್ಲಿ ಬಿಗಿದಿದೆ ಅಂತ ತಾವೇ ಕಂಡುಕೊಂಡು ಬಿಡಿಸಿಕೊಳ್ಳುವುದನ್ನು ಬೇರೆ ಏನಂತ ಕರೆಯಬೇಕು?

ಪಕ್ಕದ ಹಾಡಿಯಲ್ಲೂ ಶುರು ಮಾಡುವ ಪ್ರಯತ್ನ ನಡೆಯಿತು. ಅಲ್ಲಿ ಮಕ್ಕಳ ಗುಂಪು ಮಾತ್ರ ನಿಂತಿತು, ದೊಡ್ಡವರು ಬರಲಿಲ್ಲ. ಬಲವಂತ ಮಾಡಲಿಲ್ಲ.

ಈಗಿನ ಸ್ಥಿತಿ

ಟೀಚರಿಗೆ ಈಗ ವಾರಕ್ಕೆ ಒಂದೇ ದಿನ ಬರಲು ಆಗುತ್ತದೆ. ಉಳಿದ ದಿನ ನಡೆಸುವವಳು ಲೈನಿನ ಹುಡುಗಿಯೇ, ಪ್ಯಾಂಟು ಹೊಲಿದುಕೊಟ್ಟವಳು. ಹತ್ತನೇ ಕ್ಲಾಸ್ ಓದಿದ್ದಾಳೆ, ಎರವ ಭಾಷೆ, ಕನ್ನಡ, ಮಲಯಾಳಂ ಮೂರೂ ಬರುತ್ತದೆ. ಯಾರಿಗೆ ಬಿ.ಪಿ. ಇದೆ, ಯಾರು ಬಸುರಿ, ಯಾರು ಹಿಂದಿನ ರಾತ್ರಿ ಊಟ ಮಾಡಿಲ್ಲ, ಎಲ್ಲ ಅವಳಿಗೆ ಗೊತ್ತು. ಟೀಚರಿಗಿಂತ ಅವಳ ಮಾತನ್ನು ಹೆಂಗಸರು ಬೇಗ ಕೇಳುತ್ತಾರೆ.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಅವಳಿಗೆ ದುಡ್ಡು ಕೊಡಬೇಕು. ಟೀಚರ್ ಸ್ವಯಂಸೇವೆ ಮಾಡುತ್ತಾರೆ, ಅವರಿಗೆ ಬೇರೆ ಆದಾಯ ಇದೆ. ಕೂಲಿ ಮಾಡುವ ಹುಡುಗಿಯಿಂದ ಅದೇ ಸೇವೆಯನ್ನು ಬಿಟ್ಟಿಯಾಗಿ ನಿರೀಕ್ಷಿಸುವುದು ನ್ಯಾಯ ಅಲ್ಲ. ತರಗತಿಗೆ ಹೋದ ಹೊತ್ತಿನಲ್ಲಿ ಅವಳು ಸೌದೆ ತರಬೇಕು, ನೀರು ಹಿಡಿಯಬೇಕು, ಅಡುಗೆ ಮಾಡಬೇಕು. ಮಾಲೀಕರ ಹತ್ತಿರ ಮಾತಾಡಿದೆವು. ತರಗತಿ ಇರುವ ದಿನ ಅವಳನ್ನು ಒಂದು ಗಂಟೆ ಮೊದಲು ಬಿಟ್ಟು ಪೂರ್ತಿ ಕೂಲಿ ಬರೆಯಲು ಒಪ್ಪಿದ್ದಾರೆ. ಗೌರವಧನದ ಬಗ್ಗೆ ಇನ್ನೂ ಹೌದು ಅಂದಿಲ್ಲ.

ಫೋಟೋ ವಿಷಯ ಮಾತ್ರ ಬಗೆಹರಿದಿದೆ. ಬಂದವರೆಲ್ಲ ಮೊಬೈಲ್ ಎತ್ತುತ್ತಿದ್ದರು, ಹೆಂಗಸರಿಗೆ ಅದು ಹಿಡಿಸುತ್ತಿರಲಿಲ್ಲ. ಈಗ ಗೋದಾಮಿನ ಬಾಗಿಲಲ್ಲೇ ಒಂದು ಬುಟ್ಟಿ ಇದೆ, ಮೊಬೈಲ್ ಅದರಲ್ಲಿಟ್ಟು ಒಳಗೆ ಬರಬೇಕು. ದಾನಿಗಳಿಗೂ ಇದೇ ನಿಯಮ.

ಯೋಗದಿಂದ ಬಗೆಹರಿಯದ್ದು ಎಷ್ಟೋ ಇದೆ. ಮೂಟೆಯ ಭಾರ ಕಡಿಮೆಯಾಗಿಲ್ಲ. ಲೈನಿಗೆ ಇನ್ನೊಂದು ಶೌಚಾಲಯ ಬೇಕು ಅಂತ ಹೆಂಗಸರು ತರಗತಿಯ ನಂತರ ಕೂತು ಮಾತಾಡಿ, ಅವ್ವನನ್ನು ಮುಂದೆ ಮಾಡಿಕೊಂಡು ಮಾಲೀಕರ ಹತ್ತಿರ ಹೋಗಿ ಬಂದಿದ್ದಾರೆ. ಮಳೆ ಹಿಡಿಯುವ ಮೊದಲು ಗುಂಡಿ ತೋಡಿಸುತ್ತೇನೆ ಅಂತ ಅವರು ಮಾತು ಕೊಟ್ಟಿದ್ದಾರೆ. ಜಾಗವನ್ನು ಹೆಂಗಸರೇ ನೋಡಿ ಗುರುತು ಹಾಕಿದ್ದಾರೆ, ಲೈನಿನ ಹಿಂದೆ, ಆನೆ ದಾರಿಗೆ ದೂರವಾಗಿ.